ಎಳ್ಳಮಾವಾಸ್ಯೆಯ ಅಂಬಲಿ: ಗಡಿಗೆಗೋ ಬಾಟಲಿಗೋ?

ಎಳ್ಳಮಾವಾಸ್ಯೆಗೆ ಎಂಟು ದಿನ ಇದೆ ಎನ್ನುವಾಗಲೇ ಕಲಬುರಗಿಯ ನಮ್ಮ ಓಣಿಯಲ್ಲಿ ಸಜ್ಜೆ ಹಸನು ಮಾಡುವ ಸದ್ದು ಶುರುವಾಗುತ್ತದೆ. ಎಳ್ಳು ಹುರಿದ ವಾಸನೆ ಬರುತ್ತದೆ. ಹಬ್ಬಕ್ಕೆಂದು ಹಸಿಕಾಳು, ತರಕಾರಿ ಬೇಯಿಸಿ ಮಾಡುವ ಭಜ್ಜಿಗೆ ಹಸಿ ತೊಗರಿಕಾಳು, ಅವರೆಕಾಳು ಯಾವ ಊರಿಂದ ಬರುತ್ತವೆ ಎಂದು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ವಿಚಾರಿಸುತ್ತಾರೆ. ಅಂಬಲಿಯ ನೆನಪು ಮಾತ್ರ ಹಬ್ಬದ ಹಿಂದಿನ ರಾತ್ರಿ ಆಗುತ್ತದೆ. ಆಗ ಹಿಟ್ಟು ಕಲಸಿ ಇಡುತ್ತಾರೆ, ಬೆಳಗ್ಗೆ ನೋಡಿದರೆ ಅದು ಹಾಗೆಯೇ ಸಪ್ಪಗೆ ಕೂತಿರುತ್ತದೆ. ಕೊನೆಗೆ ನಿಂಬೆಹಣ್ಣು ಹಿಂಡಿ, ಹುಳಿ ಮೊಸರು ಸುರಿದು ಹೊಲಕ್ಕೆ ಒಯ್ಯುತ್ತಾರೆ. ನಿಂಬೆಹುಳಿ ನಾಲಿಗೆಯ ತುದಿಗೆ ತಾಗಿ ಹೋಗುತ್ತದೆ. ಹುದುಗಿ ಬಂದ ಹುಳಿ ಗಂಟಲಿನವರೆಗೂ ಇಳಿದು ತಂಪು ಮಾಡುತ್ತದೆ. ಈ ಎರಡನ್ನೂ ಕುಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಆಳಂದ ತಾಲ್ಲೂಕಿನ ನಮ್ಮ ಹೊಲಕ್ಕೆ ಅಂಬಲಿ ಮಾಡಿಕೊಂಡು ಹೋಗುತ್ತಿದ್ದೇನೆ. ಅತ್ತೆಯವರಿಂದ ಕಲಿತದ್ದು ಮುಖ್ಯವಾಗಿ ಎರಡು ಸಂಗತಿ. ಅಂಬಲಿಯ ಲೆಕ್ಕವನ್ನು ಹಬ್ಬದ ಮಧ್ಯಾಹ್ನದಿಂದ ಹಿಂದಕ್ಕೆ ಹಾಕಬೇಕು. ಯಾವ ಪಾತ್ರೆಗೆ ತುಂಬಬೇಕು ಎಂಬುದನ್ನು ಅದನ್ನು ಎಲ್ಲಿ ಕುಡಿಯುತ್ತಾರೆ ಎಂಬುದರ ಮೇಲೆ ತೀರ್ಮಾನಿಸಬೇಕು.

ಮೊದಲು ದಿನದ ಲೆಕ್ಕ. ಮಾರ್ಗಶಿರ ಮಾಸದ ಈ ಅಮಾವಾಸ್ಯೆ ಒಂದೇ ತಾರೀಖಿಗೆ ಬರುವುದಿಲ್ಲ. 2024ರಲ್ಲಿ ಜನವರಿ 11ಕ್ಕೂ ಬಂತು, ಅದೇ ವರ್ಷದ ಡಿಸೆಂಬರ್ 30ಕ್ಕೂ ಬಂತು. ಕೆಲವು ವರ್ಷ ಮೋಡ ಕವಿದು ರಾತ್ರಿ ಬೆಚ್ಚಗಿರುತ್ತದೆ, ಕೆಲವು ವರ್ಷ ಬೀದರಿನಲ್ಲಿ ರಾತ್ರಿಯ ತಾಪಮಾನ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಿಟ್ಟನ್ನು ಹುಳಿ ಮಾಡುವ ಸೂಕ್ಷ್ಮಜೀವಿಗಳು ಚಳಿಗೆ ಮುದುಡಿಕೊಳ್ಳುತ್ತವೆ. ಮೇ ತಿಂಗಳಲ್ಲಿ 8 ಗಂಟೆಗೆ ಹುಳಿಯುವ ಜೋಳದ ಹಿಟ್ಟು ಡಿಸೆಂಬರಿನ ಥಂಡಿಯಲ್ಲಿ 24 ಗಂಟೆ ಕೇಳುತ್ತದೆ, ಕೆಲವೊಮ್ಮೆ 30 ಗಂಟೆಯನ್ನೂ ಕೇಳುತ್ತದೆ. ಬೇಸಿಗೆಯಲ್ಲಿ ರಾತ್ರಿ ನೆನೆಸಿ ಬೆಳಗ್ಗೆ ಕಾಯಿಸುವ ರೂಢಿಯನ್ನು ಹಬ್ಬಕ್ಕೂ ಹಿಡಿದವರ ಅಂಬಲಿ ಸಪ್ಪಗಾಗುವುದು ಇದೇ ಕಾರಣಕ್ಕೆ.

ಹಬ್ಬ ಶುಕ್ರವಾರ ಎಂದುಕೊಳ್ಳಿ. ಹೊಸ ಗಡಿಗೆಯಾದರೆ ಅದರ ಕೆಲಸ ಸೋಮವಾರವೇ ಶುರು. ಬುಧವಾರ ಸಂಜೆ ಹಿಟ್ಟು ಕಲಸುವುದು. ಗುರುವಾರ ಸಂಜೆ ಕಾಯಿಸಿ, ಆರಿಸಿ, ರಾತ್ರಿ ಗಡಿಗೆಗೆ ತುಂಬುವುದು. ಶುಕ್ರವಾರ ಬೆಳಗ್ಗೆ ಒಗ್ಗರಣೆಯಿಲ್ಲದ ಮಸಾಲೆ ಬೆರೆಸಿ ಹೊಲದ ದಾರಿ ಹಿಡಿಯುವುದು. ಚರಗ ಚೆಲ್ಲಿ, ಅಂದರೆ ಭೂತಾಯಿಗೆಂದು ಹೊಲದಲ್ಲಿ ಅಡುಗೆ ಎರಚಿ, ಉಣ್ಣಲು ಕೂರುವ ಹೊತ್ತಿಗೆ ಮಧ್ಯಾಹ್ನ 12 ದಾಟಿರುತ್ತದೆ. ಅಂಬಲಿ ಹದಕ್ಕೆ ಬರಬೇಕಾದದ್ದು ಆ ಗಳಿಗೆಗೆ.

ಬೇಕಾಗುವ ಸಾಮಾನು

20 ಜನ ತಲೆಗೆ ಎರಡೆರಡು ಲೋಟ ಕುಡಿದರೆ ಸುಮಾರು 10 ಲೀಟರ್ ಅಂಬಲಿ ಬೇಕು. ಅದಕ್ಕೆ ಜೋಳದ ಹಿಟ್ಟು ಅರ್ಧ ಕಿಲೋ, ಜೋಳದ ನುಚ್ಚು ಅಥವಾ ಅಕ್ಕಿ ನುಚ್ಚು ಕಾಲು ಕಿಲೋ, ಕಡೆದ ಮಜ್ಜಿಗೆ ಎರಡೂವರೆ ಲೀಟರ್, ಉಳಿದದ್ದು ನೀರು. 15 ಎಸಳು ಬೆಳ್ಳುಳ್ಳಿ, 2 ಚಮಚ ಜೀರಿಗೆ, ಖಾರಕ್ಕೆ ತಕ್ಕಷ್ಟು ಹಸಿಮೆಣಸಿನಕಾಯಿ, ಉಪ್ಪು, ಕೊತ್ತಂಬರಿ. ಇಷ್ಟೇ.

ಜೋಳ ಮಾಲ್ದಂಡಿ ಎಂಬ ಹಿಂಗಾರಿ ತಳಿಯದಾದರೆ ಉತ್ತಮ. ಹಿಂಗಾರಿ ಜೋಳ ಹಬ್ಬದ ಹೊತ್ತಿಗೆ ಇನ್ನೂ ಹೊಲದಲ್ಲಿಯೇ ನಿಂತಿರುತ್ತದೆ, ಆದ್ದರಿಂದ ಮನೆಯಲ್ಲಿರುವುದು ಕಳೆದ ವರ್ಷದ ಕಾಳು. ಅದರಲ್ಲಿ ತೊಂದರೆಯಿಲ್ಲ. ಬೀಸಿದ ಹಿಟ್ಟು ಹಳೆಯದಾದರೆ ಮಾತ್ರ ತೊಂದರೆ. ಹದಿನೈದು ದಿನ ಡಬ್ಬಿಯಲ್ಲಿ ಕೂತ ಜೋಳದ ಹಿಟ್ಟಿಗೆ ಕಹಿ ಬರುತ್ತದೆ, ಆ ಕಹಿ ಎಷ್ಟು ಹುದುಗಿಸಿದರೂ ಹೋಗುವುದಿಲ್ಲ. ಹಬ್ಬದ ವಾರವೇ ಗಿರಣಿಗೆ ಕಳಿಸಿ, ಸ್ವಲ್ಪ ತರಿಯಾಗಿಯೇ ಬೀಸಿಸಿ.

ಪೌಷ್ಟಿಕವೆಂದು ಕೆಲವರು ಈಗ ಜೋಳವನ್ನು ಮೊಳಕೆ ಕಟ್ಟಿ ಅಂಬಲಿ ಮಾಡಲು ಹೊರಟಿದ್ದಾರೆ. ದಯವಿಟ್ಟು ಬೇಡ. ಜೋಳದ ಎಳೆ ಪೈರು ಮೇಯ್ದ ದನಗಳು ಬೀಳುವುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಆ ಪೈರಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ, ಜೋಳದ ಮೊಳಕೆಯಲ್ಲಿಯೂ ಅದೇ ಇದೆ. ರಾಗಿ, ಹೆಸರಿನ ಮೊಳಕೆಯ ಮಾತು ಬೇರೆ. ಆಫ್ರಿಕಾದ ಹಲವು ನಾಡುಗಳಲ್ಲಿ ಜೋಳವನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ ಅದರಿಂದ ಬಿಯರ್ ಮಾಡುತ್ತಾರೆ. ಮೊಳಕೆ ಬಂದಾಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆಯನ್ನು ಯೀಸ್ಟ್ ಮದ್ಯ ಮಾಡುತ್ತದೆ. ನಮ್ಮ ಅಂಬಲಿಯ ದಾರಿಯೇ ಬೇರೆ. ಮೊಳಕೆಯಿಲ್ಲದ ಹಿಟ್ಟಿಗೆ ಮಜ್ಜಿಗೆಯ ಹೆಪ್ಪು ಬಿದ್ದಾಗ ಹುಟ್ಟುವುದು ಮುಖ್ಯವಾಗಿ ಹುಳಿ, ಮದ್ಯವಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಂತೆ ಅಪರಾಧ. ಅಂಬಲಿಗೆ ಆ ಭಯವಿಲ್ಲ, ಹಸುಗೂಸಿನ ತಾಯಿಯೂ ಕುಡಿಯುತ್ತಾಳೆ.

ಗಡಿಗೆಯನ್ನು ಪಳಗಿಸುವುದು

ಕುಂಬಾರರಲ್ಲಿ ಗಡಿಗೆ ಆರಿಸುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಚೆನ್ನಾಗಿ ಸುಟ್ಟ ಗಡಿಗೆ ಟಣ್ ಎನ್ನುತ್ತದೆ. ಬಿರುಕಿದ್ದರೆ ಸದ್ದು ಒಡಕಾಗಿರುತ್ತದೆ. ಬಾಯಿ ಕೈ ಹೋಗುವಷ್ಟು ಅಗಲವಿರಲಿ, ಇಲ್ಲದಿದ್ದರೆ ತೊಳೆಯುವುದು ಕಷ್ಟ. ತಂದ ಗಡಿಗೆಯನ್ನು ಒಂದು ಹಗಲು ಒಂದು ರಾತ್ರಿ ಪೂರ್ತಿ ನೀರಿನಲ್ಲಿ ಮುಳುಗಿಸಿಡಿ. ಮರುದಿನ ಬಿಸಿ ಅಕ್ಕಿ ಗಂಜಿ ತುಂಬಿ ಆರುವವರೆಗೆ ಬಿಟ್ಟು, ಚೆಲ್ಲಿ, ತೆಂಗಿನ ನಾರಿನಿಂದ ತಿಕ್ಕಿ ಬಿಸಿಲಿಗೆ ಬೋರಲು ಹಾಕಿ. ಮಣ್ಣಿನ ವಾಸನೆ ಇನ್ನೂ ಜೋರಾಗಿದ್ದರೆ ಇನ್ನೊಮ್ಮೆ ಗಂಜಿ ತುಂಬಬೇಕು.

ಹಳೆಯ ಗಡಿಗೆಯಿದ್ದರೆ ಅದೃಷ್ಟ. ಅದಕ್ಕೆ ಸೋಪು ಮುಟ್ಟಿಸಬೇಡಿ. ಮಣ್ಣು ಸೋಪನ್ನು ಕುಡಿದು, ಆಮೇಲೆ ಅಂಬಲಿಗೆ ಬಿಡುತ್ತದೆ. ಕುದಿಯುವ ನೀರು, ನಾರು, ಒಂದು ದಿನದ ಬಿಸಿಲು ಸಾಕು.

ಹಬ್ಬವೆಂದು ಗಡಿಗೆಗೆ ಬಣ್ಣ ಹಚ್ಚುವವರಿದ್ದಾರೆ. ಸುಣ್ಣ, ಕೆಮ್ಮಣ್ಣು ಹಚ್ಚಿ, ಚೆನ್ನಾಗಿ ಕಾಣುತ್ತದೆ. ಎಣ್ಣೆಯ ಪೇಂಟು ಬಳಿದರೆ ಮಾತ್ರ ಗಡಿಗೆ ಸತ್ತಂತೆ. ಗಡಿಗೆ ತಂಪಾಗುವುದು ಅದರ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ, ಹೊರಗೆ ಗಾಳಿಗೆ ಆರುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುವುದರಿಂದ. ಪೇಂಟು ಆ ರಂಧ್ರಗಳನ್ನು ಮುಚ್ಚುತ್ತದೆ.

ಹುಳಿ ಹಾಕುವುದು

ಬುಧವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅರ್ಧ ಕಿಲೋ ಹಿಟ್ಟನ್ನು ಒಂದೂಕಾಲು ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ನಾಲ್ಕು ಚಮಚ ಹುಳಿ ಮಜ್ಜಿಗೆ ಸೇರಿಸಿ. ಉಪ್ಪು ಈಗಲೇ ಬೇಡ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ಕುದಿಸಿ ಆರಿಸಿದ ನೀರನ್ನೇ ಬಳಸಿ, ಆ ಔಷಧ ಹೆಪ್ಪಿನ ಜೀವಿಗಳನ್ನೂ ಕೊಲ್ಲುತ್ತದೆ. ಪಾತ್ರೆ ಸ್ಟೀಲಿನದೋ ಪಿಂಗಾಣಿಯದೋ ಇರಲಿ, ಮೂರನೇ ಒಂದು ಭಾಗ ಖಾಲಿ ಬಿಡಿ, ಹಿಟ್ಟು ಮೇಲಕ್ಕೆ ಏರುತ್ತದೆ. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ.

ಇನ್ನು ಬೆಚ್ಚಗಿಡುವ ಕೆಲಸ. ನಮ್ಮ ಮನೆಯಲ್ಲಿ ಪಾತ್ರೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಜೋಳದ ಚೀಲಗಳ ನಡುವೆ ಇಡುತ್ತೇವೆ. ಚೀಲಗಳು ಥಂಡಿ ಗಾಳಿಯನ್ನು ತಡೆಯುತ್ತವೆ. ಒಲೆಯ ಪಕ್ಕವೂ ಆಗುತ್ತದೆ, ಆದರೆ ಒಂದೇ ಬದಿಗೆ ಬಿಸಿ ತಾಗಬಾರದು. ಬೀದರ್, ಬಸವಕಲ್ಯಾಣದ ಕಡೆ ಚಳಿ ಹೆಚ್ಚಿರುವ ವರ್ಷ ಬುಧವಾರ ಸಂಜೆಯ ಬದಲು ಮಧ್ಯಾಹ್ನವೇ ಕಲಸಿಡಿ.

ಹುಳಿ ಬಂದಿದೆಯೇ ಎಂದು ತಿಳಿಯಲು ಅತ್ತೆಯವರು ಮುಚ್ಚಳ ತೆಗೆಯುತ್ತಿರಲಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು, ಕೌದಿಯ ಪದರ ಸರಿಸಿ, ಪಾತ್ರೆಯ ಮೈಗೆ ಕಿವಿ ಹಚ್ಚುತ್ತಿದ್ದರು. ಮೊದಲ ವರ್ಷ ನನ್ನನ್ನೂ ಕೂರಿಸಿ ಕೇಳಿಸಿದರು. ಮನೆಯೆಲ್ಲ ಮಲಗಿತ್ತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ದೂರದಲ್ಲಿ ಯಾರೋ ಹುರಿಗಡಲೆ ಅಗಿಯುತ್ತಿರುವಂತೆ ಚಿಟಿಚಿಟಿ ಎಂಬ ಸಣ್ಣ ಸದ್ದು. ಗುಳ್ಳೆಗಳು ಒಡೆಯುವ ಸದ್ದು ಅದು. "ಎದ್ದಿದೆ, ಇನ್ನು ಅದನ್ನು ಮುಟ್ಟಬೇಡ" ಎಂದು ಹೇಳಿ ಕೌದಿ ಮುಚ್ಚಿದರು. ಈಗಲೂ ನಾನು ನೋಡುವುದಕ್ಕಿಂತ ಮೊದಲು ಕೇಳುತ್ತೇನೆ.

ಗುರುವಾರ ಸಂಜೆ ಬಟ್ಟೆ ಬಿಚ್ಚಿದಾಗ ಹಿಟ್ಟು ಕೆಳಗೆ ಕೂತು, ಮೇಲೆ ತಿಳಿ ನೀರು ನಿಂತು, ಅಂಚಿನಲ್ಲಿ ಸಣ್ಣ ನೊರೆ ಕಟ್ಟಿರಬೇಕು. ವಾಸನೆ ಮಜ್ಜಿಗೆಯಂತೆ ಇರಬೇಕು. ಆ ತಿಳಿಯನ್ನು ಚೆಲ್ಲಬೇಡಿ, ಹುಳಿಯ ರುಚಿಯೆಲ್ಲ ಅದರಲ್ಲಿದೆ. ಗುಲಾಬಿ, ಕಿತ್ತಳೆ ಅಥವಾ ಕಪ್ಪು ಬಣ್ಣದ ಕಲೆ ಕಂಡರೆ, ಕೊಳೆತ ವಾಸನೆ ಬಂದರೆ ಮೇಲಿನದನ್ನಷ್ಟೇ ಕೆರೆದು ತೆಗೆಯುವ ಆಸೆ ಬೇಡ. ಇಡೀ ಪಾತ್ರೆಯನ್ನು ಚೆಲ್ಲಿಬಿಡಿ. ದನಕ್ಕೂ ಹಾಕಬೇಡಿ.

ಕಾಯಿಸುವುದು

ನುಚ್ಚನ್ನು ನಾಲ್ಕು ಗಂಟೆ ನೆನೆಸಿ ಬೇರೆಯೇ ಒಲೆಯ ಮೇಲೆ ಒಂದೂವರೆ ಲೀಟರ್ ನೀರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ ಐದು ಲೀಟರ್ ನೀರು ಕುದಿಸಿ, ಉಪ್ಪು ಹಾಕಿ, ಉರಿ ಸಣ್ಣ ಮಾಡಿ, ಹುಳಿ ಹಿಟ್ಟನ್ನು ತೆಳುವಾದ ಧಾರೆಯಾಗಿ ಬಿಡುತ್ತಾ ಇನ್ನೊಂದು ಕೈಯಿಂದ ಮರದ ಹುಟ್ಟಿನಲ್ಲಿ ತಿರುವುತ್ತಿರಿ. ಇಲ್ಲಿ ಕೈ ನಿಂತರೆ ಗಂಟಾಗುತ್ತದೆ, ತಳ ಹಿಡಿಯುತ್ತದೆ. ತಳ ಹಿಡಿದ ವಾಸನೆ ಗಡಿಗೆಗೂ ಹತ್ತುತ್ತದೆ. 20ರಿಂದ 25 ನಿಮಿಷ ಕಾಯಿಸಿದ ಮೇಲೆ ಹಸಿ ಹಿಟ್ಟಿನ ವಾಸನೆ ಹೋಗಿ, ಹುಟ್ಟು ಎತ್ತಿದರೆ ಹೊಳಪಿನ ಧಾರೆ ಬೀಳುತ್ತದೆ. ಬೆಂದ ನುಚ್ಚನ್ನು ಬಿಸಿಯಾಗಿರುವಾಗಲೇ ಇದಕ್ಕೆ ಬೆರೆಸಿ. ಬೇಯಿಸಿದ ನುಚ್ಚನ್ನು ಹುಳಿ ಸೇರಿಸದೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಬಿಡುವುದು ಹೊಟ್ಟೆಗೆ ಒಳ್ಳೆಯದಲ್ಲ.

ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ತಿರುವುತ್ತಾ ಬೇಗ ಆರಿಸಿ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿದೆ ಅನ್ನಿಸಬೇಕು. ಆಗ ಒಂದು ಲೀಟರ್ ಮಜ್ಜಿಗೆ ಬೆರೆಸಿ. ಅದಕ್ಕಿಂತ ಬಿಸಿಯಿದ್ದರೆ ಮಜ್ಜಿಗೆ ಒಡೆಯುತ್ತದೆ, ಅದರ ಹೆಪ್ಪೂ ಸಾಯುತ್ತದೆ. ಅಂಬಲಿಗೆ ಎರಡನೆಯ ಹುಳಿ ಬರುವುದು ಈ ಮಜ್ಜಿಗೆಯಿಂದ. ಉಳಿದ ಒಂದೂವರೆ ಲೀಟರನ್ನು ಬೆಳಗ್ಗೆಗೆ ತೆಗೆದಿಡಿ. ರಾತ್ರಿಯೇ ಎಲ್ಲವನ್ನೂ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಹಲ್ಲು ಜುಮ್ಮೆನ್ನಿಸುವಷ್ಟಾಗುತ್ತದೆ.

ಈಗ ಪಾತ್ರೆಯ ಮಾತು

ಹೊಲದಲ್ಲಿ ಕುಡಿಯುವುದಾದರೆ ಗಡಿಗೆ. ಈ ವಿಷಯದಲ್ಲಿ ನನಗೆ ಸಂಶಯವೇ ಇಲ್ಲ. ರಾತ್ರಿ 9ಕ್ಕೆ ತುಂಬಿ, ಬಾಯಿಂದ ನಾಲ್ಕು ಬೆರಳು ಕೆಳಗೆ ನಿಲ್ಲಿಸಿ, ಬಟ್ಟೆ ಕಟ್ಟಿ, ಸಿಂಬಿಯ ಮೇಲೆ ಇಡಿ. ಬಟ್ಟೆಯ ಮೂಲಕ ಗಾಳಿ ಹೊರಗೆ ಹೋಗುತ್ತದೆ, ನೊಣ ಒಳಗೆ ಬರುವುದಿಲ್ಲ. ಬೆಳಗ್ಗೆ ಹೊರಡುವ ಮುನ್ನ ಮೈಗೆಲ್ಲ ಒದ್ದೆ ಬಟ್ಟೆ ಸುತ್ತಿ. ಹೊಲ ಮುಟ್ಟಿದ ಕೂಡಲೇ ಬನ್ನಿ ಮರದ ಅಥವಾ ಬೇವಿನ ಮರದ ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಿ. ಬಣವೆಯ ಮರೆಯಲ್ಲಿ ಇಟ್ಟರೆ ನೆರಳಿರುತ್ತದೆ, ಗಾಳಿ ಇರುವುದಿಲ್ಲ, ಗಡಿಗೆ ತಂಪಾಗುವುದಿಲ್ಲ. ಇದರ ಕಷ್ಟ ಒಯ್ಯುವುದರಲ್ಲಿದೆ. 10 ಲೀಟರ್ ಅಂಬಲಿಗೆ ಗಡಿಗೆಯ ತೂಕವೂ ಸೇರಿದರೆ ಒಬ್ಬರೇ ಎತ್ತುವುದು ಬೇಡ. ಟ್ರ್ಯಾಕ್ಟರಿನಲ್ಲಿ ಒಯ್ಯುವವರು ಒಂದು ದೊಡ್ಡ ಗಡಿಗೆಯ ಬದಲು ಎರಡು ಚಿಕ್ಕವನ್ನು ಹುಲ್ಲು ತುಂಬಿದ ಬುಟ್ಟಿಯಲ್ಲಿ ಕೂರಿಸಿದರೆ, ಒಂದು ಒಡೆದರೂ ಇನ್ನೊಂದು ಉಳಿಯುತ್ತದೆ.

ಮೋಟಾರ್‌ಸೈಕಲ್ ಮೇಲೆ ಹೋಗುವವರಿಗೆ ಹಾಲಿನ ಸ್ಟೀಲ್ ಕ್ಯಾನ್ ಸರಿ. ಅದು ತಾನಾಗಿ ತಂಪಾಗುವುದಿಲ್ಲ, ಒದ್ದೆ ಗೋಣಿಚೀಲ ಸುತ್ತಬೇಕು. ಮುಚ್ಚಳ ಒತ್ತಿ ಬಿಗಿ ಮಾಡಬಾರದು.

ಹಿತ್ತಾಳೆ, ತಾಮ್ರದ ಕೊಡಗಳ ಬಗ್ಗೆ ಕಠಿಣವಾಗಿಯೇ ಹೇಳುತ್ತೇನೆ. ಅಜ್ಜಿಯ ಕಾಲದ ಕೊಡ ಎಂಬ ಅಭಿಮಾನಕ್ಕೆ ಕಲಾಯಿ ಇಲ್ಲದ ಪಾತ್ರೆಗೆ ಅಂಬಲಿ ಸುರಿಯಬೇಡಿ. ಹುಳಿ ಆ ಲೋಹವನ್ನು ಕರಗಿಸುತ್ತದೆ. ನಮ್ಮ ನೆಂಟರ ಮನೆಯಲ್ಲಿ ಒಮ್ಮೆ ಹಾಗೆ ಮಾಡಿ, ಮಧ್ಯಾಹ್ನದೊಳಗೆ ನಾಲ್ಕು ಮಕ್ಕಳು ವಾಂತಿ ಮಾಡಿಕೊಂಡು ಹೊಲದ ಬದುವಿನ ಮೇಲೆ ಮಲಗಿದ್ದರು. ಅಲ್ಯುಮಿನಿಯಂ ಕೂಡ ರಾತ್ರಿಯಿಡೀ ಇಡುವುದಕ್ಕೆ ಆಗದು.

ಬಾಟಲಿಯ ಪ್ರಶ್ನೆ ಬರುವುದು ಹಬ್ಬಕ್ಕೆ ಬರಲಾಗದವರಿಗೆ ಕಳಿಸುವಾಗ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದ ವರ್ಷ ಅವಳಿಗೆಂದು ಒಂದು ಗಾಜಿನ ಬಾಟಲಿ ತುಂಬಿ, ಸೋರಬಾರದೆಂದು ಮುಚ್ಚಳ ಬಲವಾಗಿ ತಿರುಗಿಸಿ, ರಾತ್ರಿ ಬಸ್ಸಿಗೆ ಹೊರಟ ಪರಿಚಯದವರ ಕೈಗೆ ಕೊಟ್ಟೆ. ಬೆಳಗ್ಗೆ ಅವಳು ಫೋನು ಮಾಡಿದಾಗ ಧ್ವನಿ ನಡುಗುತ್ತಿತ್ತು. ಮುಚ್ಚಳಕ್ಕೆ ಕೈ ಹಾಕಿದ ಕೂಡಲೇ ಅದು ಹಾರಿ, ಅಂಬಲಿ ಕೋಣೆಯ ಛಾವಣಿಗೆ ಬಡಿದಿತ್ತು. ಗಾಜು ಒಡೆಯದಿದ್ದದ್ದು ನಮ್ಮ ಪುಣ್ಯ. ತಪ್ಪು ನನ್ನದೇ. ಹುದುಗುತ್ತಿರುವ ಅಂಬಲಿಯಿಂದ ಇಂಗಾಲದ ಡೈಆಕ್ಸೈಡ್ ಬರುತ್ತಲೇ ಇರುತ್ತದೆ. ಗಡಿಗೆಯಲ್ಲಿ ಅದು ಬಟ್ಟೆಯಿಂದ ಹೊರಗೆ ಹೋಗುತ್ತದೆ. ಬಿಗಿಯಾದ ಬಾಟಲಿಯಲ್ಲಿ ಹೋಗಲು ದಾರಿಯಿಲ್ಲದೆ ಒತ್ತಡ ಏರುತ್ತದೆ, ಬೆಚ್ಚಗಿದ್ದಷ್ಟೂ ಬೇಗ ಏರುತ್ತದೆ.

ಅಂದಿನಿಂದ ದೂರದವರಿಗೆ ನಾನು ಕಳಿಸುವ ರೀತಿಯೇ ಬೇರೆ. ಮಜ್ಜಿಗೆ ಬೆರೆಸುವ ಮೊದಲೇ ಕಾಯಿಸಿದ ಗಟ್ಟಿ ಅಂಬಲಿಯನ್ನು ತೆಗೆದು, ಪೂರ್ತಿ ಆರಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಅಗಲ ಬಾಯಿಯ ಸ್ಟೀಲ್ ಡಬ್ಬಿಗೆ ತುಂಬಿ ಐಸ್ ಜೊತೆ ಕೊಡುತ್ತೇನೆ. ತಲುಪಿದ ಮೇಲೆ ಅವರೇ ಒಂದು ಕುದಿ ಕಾಯಿಸಿ, ಆರಿಸಿ, ತಮ್ಮಲ್ಲಿಯ ಮಜ್ಜಿಗೆ ಬೆರೆಸಿಕೊಳ್ಳುತ್ತಾರೆ. ಊರಲ್ಲೇ, ಹೊಲಕ್ಕೆ ಬರಲಾಗದ ಹಿರಿಯರಿಗೆ ಬಾಟಲಿಯಲ್ಲೇ ಕೊಡಬೇಕೆಂದರೆ ಪ್ಲಾಸ್ಟಿಕ್ ಬಾಟಲಿ ಇರಲಿ, ನುಚ್ಚು ಸೋಸಿ ಮುಕ್ಕಾಲು ಮಾತ್ರ ತುಂಬಿ, ಮುಚ್ಚಳ ಸಡಿಲ ಬಿಡಿ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಬಾಟಲಿಯ ಹೊಟ್ಟೆ ಒತ್ತಿ ನೋಡಿದರೆ ಮೆತ್ತಗಿರಬೇಕು. ಕಲ್ಲಿನಂತಾಗಿದ್ದರೆ ಮುಖ ದೂರವಿಟ್ಟು ಮೆಲ್ಲಗೆ ಗಾಳಿ ಬಿಡಿ. ಗಾಜು ಮಾತ್ರ ಯಾವ ಕಾರಣಕ್ಕೂ ಬೇಡ.

ಹಬ್ಬದ ಬೆಳಗ್ಗೆ ಮತ್ತು ಆಮೇಲೆ

ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿಯನ್ನು ಒರಳಿನಲ್ಲಿ ತರಿತರಿಯಾಗಿ ಕುಟ್ಟಿ, ಉಳಿದ ಮಜ್ಜಿಗೆಯಲ್ಲಿ ಕಲಸಿ, ಹೊರಡುವಾಗ ಗಡಿಗೆಗೆ ಸುರಿದು ಒಮ್ಮೆ ತಿರುವಿ. ರಾತ್ರಿಯೇ ಹಾಕಿದ ಬೆಳ್ಳುಳ್ಳಿ ಬೆಳಗ್ಗೆ ಕಟು ವಾಸನೆ ಬಿಡುತ್ತದೆ. ಹೆಚ್ಚಿದ ಈರುಳ್ಳಿಯನ್ನು ಬೇರೆ ಡಬ್ಬಿಯಲ್ಲಿ ಒಯ್ದು, ಲೋಟಕ್ಕೆ ಹಾಕುವಾಗ ಉದುರಿಸಿ. ಅಂಬಲಿ ಗಟ್ಟಿಯಾಗಿದ್ದರೆ ನೀರಲ್ಲ, ಮಜ್ಜಿಗೆಯನ್ನೇ ಸೇರಿಸಿ. ಬಡಿಸುವವರು ಪ್ರತಿ ಸಲ ತಳದಿಂದ ತಿರುವಿ ಎತ್ತಬೇಕು, ಇಲ್ಲವಾದರೆ ಮೊದಲಿನವರಿಗೆ ನೀರು, ಕೊನೆಯವರಿಗೆ ನುಚ್ಚು.

ಉಳಿದದ್ದನ್ನು ಅಂದು ಸಂಜೆಯೊಳಗೆ ಮುಗಿಸಿ. ಮೂರನೆಯ ದಿನಕ್ಕೆ ಇಟ್ಟರೆ ಯೀಸ್ಟಿನ ವಾಸನೆ ಬಂದು ತಲೆಗೆ ಏರುವ ಗುಣ ಶುರುವಾಗುತ್ತದೆ, ಅದು ಹಬ್ಬದ ಅಂಬಲಿಯಲ್ಲ. ಮುಂದಿನ ವಾರ ಮತ್ತೆ ಮಾಡುವ ಇರಾದೆಯಿದ್ದರೆ, ಮಸಾಲೆ ಹಾಕುವ ಮೊದಲೇ ಒಂದು ಬಟ್ಟಲು ತೆಗೆದು ಫ್ರಿಜ್ಜಿನಲ್ಲಿಡಿ, ಮಜ್ಜಿಗೆಗಿಂತ ಚುರುಕಾದ ಹೆಪ್ಪು ಅದು. ಗಡಿಗೆಯನ್ನು ಹೊಲದ ಬಾವಿಯ ನೀರಿನಲ್ಲಿ ಅಲ್ಲಿಯೇ ತೊಳೆದುಬಿಡಿ, ಒಣಗಿದ ಮೇಲೆ ತಿಕ್ಕುವುದು ದುಪ್ಪಟ್ಟು ಕೆಲಸ. ಮನೆಗೆ ತಂದು ಕುದಿಯುವ ನೀರು ಹಾಕಿ, ಎರಡು ದಿನ ಬಿಸಿಲಲ್ಲಿ ಒಣಗಿಸಿ, ಬಾಯಿ ಕೆಳಗೆ ಮಾಡಿ, ಗಾಳಿಯಾಡುವ ಅಟ್ಟದ ಮೇಲೆ ಇಡಿ. ತೇವ ಉಳಿದ ಗಡಿಗೆಯನ್ನು ಮುಚ್ಚಿಟ್ಟರೆ ಯುಗಾದಿಯೊಳಗೆ ಬೂಸು ಹಿಡಿಯುತ್ತದೆ, ಮತ್ತೆ ಸೋಮವಾರದಿಂದ ಹೊಸ ಗಡಿಗೆ ಪಳಗಿಸಬೇಕಾಗುತ್ತದೆ.